ಜೋಳದ ಡಬ್ಬಿಯಿಂದ ಇಥಿಯೋಪಿಯಾಕ್ಕೆ: ಮಕ್ಕಳ ಜೊತೆ ದೇಶ ಸುತ್ತುವ ಭಾನುವಾರದ ಅಡುಗೆ

ಮೊದಲ ಸಲ ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ. ಎರಡು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಬೇರೆ ಬೇರೆ ದೇಶದ ಅಡುಗೆ ತೋರಿಸಬೇಕು ಅನ್ನುವ ಹುಮ್ಮಸ್ಸು ಬಂತು. ಫೋನಲ್ಲಿ ಹುಡುಕಿ ಆಲಿವ್ ಕಾಯಿಯ ಒಂದು ಬಾಟಲಿ, ಯಾವುದೋ ಸಾಸು, ಒಣಗಿದ ಎಲೆಗಳ ಸಣ್ಣ ಸಣ್ಣ ಪೊಟ್ಟಣ ಅಂತ 900 ರೂಪಾಯಿ ಸಾಮಾನು ತರಿಸಿದೆ. ರಾಯಚೂರಿನ ಮೇ ತಿಂಗಳು, ಮಧ್ಯಾಹ್ನ 12 ಗಂಟೆ, ಅಡುಗೆಮನೆಯಲ್ಲಿ ಫ್ಯಾನ್ ಹಾಕಿದರೆ ಗ್ಯಾಸ್ ಆರುತ್ತದೆ, ಹಾಕದಿದ್ದರೆ ನಾವೇ ಬೇಯುತ್ತೇವೆ. ಸಣ್ಣವನು ಒಂದು ಆಲಿವ್ ಬಾಯಿಗೆ ಹಾಕಿಕೊಂಡು ನೆಲದ ಮೇಲೇ ಉಗುಳಿದ. ದೊಡ್ಡವಳು, "ಅಮ್ಮಾ, ಸುಮ್ನೆ ವಗ್ಗರಣಿ ಮಾಡಿಬಿಡು" ಅಂದಳು. ಆ ಬಾಟಲಿ ಆರು ತಿಂಗಳು ಫ್ರಿಜ್ಜಿನ ಬಾಗಿಲಲ್ಲಿ ನಿಂತು ಕೊನೆಗೆ ಕಸಕ್ಕೆ ಹೋಯಿತು.

ತಪ್ಪು ಎಲ್ಲಿತ್ತು ಅಂತ ಗೊತ್ತಾಗಿದ್ದು ಅತ್ತೆಯಿಂದ. ಒಂದು ಸಂಜೆ ಅವರು ರೊಟ್ಟಿ ಬಡಿಯುತ್ತಿದ್ದಾಗ ಸಣ್ಣವನು ಪಕ್ಕದಲ್ಲಿ ಕೂತು ಹಿಟ್ಟಿನ ಉಂಡೆ ಹಿಡಿದು ಆಡುತ್ತಾ, "ಅಜ್ಜಿ, ಜೋಳ ಎಲ್ಲಿಂದ ಬಂತು?" ಅಂದ.

"ಮಾನ್ವಿ ಹೊಲದಿಂದ ಬಂತಪಾ, ಇನ್ನೆಲ್ಲಿಂದ ಬರ್ತದ."

"ಅದಕ್ಕೂ ಮೊದಲು?"

ಅತ್ತೆ ನನ್ನ ಮುಖ ನೋಡಿದರು, ನಾನು ಫೋನ್ ನೋಡಿದೆ. ಜೋಳವನ್ನು ಜನ ಮೊದಲು ಬೆಳೆದದ್ದು ಆಫ್ರಿಕಾದಲ್ಲಿ, ಈಗಿನ ಸುಡಾನ್ ದೇಶದ ಪೂರ್ವದ ಕಡೆ, ಸುಮಾರು 5000 ವರ್ಷದ ಹಿಂದೆ. ಸರಿ, ರೊಟ್ಟಿ ಜೊತೆ ಗುರೆಳ್ಳು ಪುಡಿ ಇತ್ತಲ್ಲ, ಅದು? ಅದೂ ಆಫ್ರಿಕಾದ್ದೇ, ಇಥಿಯೋಪಿಯಾದ್ದು, ಅಲ್ಲಿ ಅದಕ್ಕೆ ನೂಗ್ ಅನ್ನುತ್ತಾರೆ. ಶೇಂಗಾ ಹಿಂಡಿಯ ಶೇಂಗಾ ದಕ್ಷಿಣ ಅಮೆರಿಕದ್ದು, ಅದರೊಳಗಿನ ಒಣ ಮೆಣಸಿನಕಾಯಿ ಮೆಕ್ಸಿಕೋ ಕಡೆಯದು, ಕಚ್ಚಿಕೊಳ್ಳುವ ಉಳ್ಳಾಗಡ್ಡಿ ಮಧ್ಯ ಏಷ್ಯಾದ್ದು. ನಮ್ಮ ಅಪ್ಪಟ ರಾಯಚೂರು ಊಟ ಅಂತ ನಾವು ಅಂದುಕೊಂಡಿರುವ ತಾಟಿನಲ್ಲಿ ನಾಲ್ಕು ಖಂಡ ಕೂತಿವೆ!

ಅವತ್ತಿನಿಂದ ನಮ್ಮನೆಯಲ್ಲಿ ಒಂದೇ ನಿಯಮ. ದೇಶವನ್ನು ಹೊರಗಿನಿಂದ ತರಿಸುವುದಿಲ್ಲ. ಮನೆಯಲ್ಲಿರುವ ಡಬ್ಬಿ ತೆರೆಯುತ್ತೇವೆ, ಅದು ಎಲ್ಲಿಗೆ ಕರೆದುಕೊಂಡು ಹೋಗುತ್ತದೋ ಅಲ್ಲಿಗೆ ಹೋಗುತ್ತೇವೆ. ನೀವೂ ಹಾಗೇ ಮಾಡಿ ನೋಡಿ, ಹೇಗೆ ಅಂತ ಹೇಳುತ್ತೇನೆ.

ಮೊದಲ ಭಾನುವಾರ ಒಲೆ ಹಚ್ಚಬೇಡಿ

ಹೌದು, ಮೊದಲ ದಿನ ಅಡುಗೆಯೇ ಬೇಡ. ಹಳೇ ಕ್ಯಾಲೆಂಡರ್ ಹಾಳೆಗಳ ಹಿಂಭಾಗವನ್ನು ಅಂಟಿಸಿ ದೊಡ್ಡ ಕಾಗದ ಮಾಡಿಕೊಳ್ಳಿ, ಇಲ್ಲವೇ ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಪ್ರಪಂಚದ ನಕ್ಷೆ ಬರೆಯಿರಿ. ಚೆನ್ನಾಗಿ ಬರಬೇಕು ಅಂತೇನಿಲ್ಲ. ನಮ್ಮ ಆಫ್ರಿಕಾ ಬದನೆಕಾಯಿ ತರಹ ಬಂದಿತ್ತು. ಆಮೇಲೆ ಮಕ್ಕಳನ್ನು ಅಡುಗೆಮನೆಗೆ ಬಿಟ್ಟು, ಡಬ್ಬಿಯಿಂದ ಒಂದೊಂದು ಚಿಟಿಕೆ ತಂದು ಅದರ ತವರಿನ ಮೇಲೆ ಇಡಲು ಹೇಳಿ.

ಆಲೂಗಡ್ಡೆ ಪೆರು ಕಡೆಯ ಬೆಟ್ಟಗಳ ಮೇಲೆ. ಟೊಮೆಟೊ, ಮೆಣಸಿನಕಾಯಿ, ಶೇಂಗಾ ಅಮೆರಿಕ ಖಂಡಗಳ ಮೇಲೆ. ಜೋಳ, ಗುರೆಳ್ಳು ಆಫ್ರಿಕಾ ಮೇಲೆ. ನಮ್ಮ ದೇಶದ ಮೇಲೆ ಏನೂ ಉಳಿಯುವುದಿಲ್ಲ ಅಂತ ಮಕ್ಕಳಿಗೆ ಬೇಜಾರಾಗುವ ಹೊತ್ತಿಗೆ ತೊಗರಿ, ಎಳ್ಳು, ಬದನೆಕಾಯಿ, ಕರಿಮೆಣಸು ತಂದು ಕೊಡಿ. ಹುಣಸೆಹಣ್ಣನ್ನು ಕೊನೆಗೆ ಇಟ್ಟುಕೊಳ್ಳಿ, ಅದರಲ್ಲೊಂದು ತಮಾಷೆ ಇದೆ. ಇಂಗ್ಲಿಷಿನಲ್ಲಿ ಅದಕ್ಕೆ ಟ್ಯಾಮರಿಂಡ್ ಅನ್ನುತ್ತಾರಲ್ಲ, ಅದು ಅರಬ್ಬಿಯ ತಮ್ರ್ ಹಿಂದಿ ಅನ್ನುವ ಮಾತಿನಿಂದ ಬಂದದ್ದು, ಅಂದರೆ ಹಿಂದೂಸ್ತಾನದ ಖರ್ಜೂರ. ಮರದ ಮೂಲ ಮಾತ್ರ ಆಫ್ರಿಕಾ. ಹೆಸರು ನಮ್ಮದು, ಬೇರು ಅವರದು.

ದಾರದಿಂದ ಪ್ರತಿ ಕಾಳಿನಿಂದ ರಾಯಚೂರಿಗೆ ಒಂದು ಎಳೆ ಎಳೆಸಿ. ಕೊಪ್ಪಳದವರಾದರೆ ಕೊಪ್ಪಳಕ್ಕೆ, ಬಳ್ಳಾರಿಯವರಾದರೆ ಬಳ್ಳಾರಿಗೆ. ಆ ದಾರಗಳ ಗಂಟು ನೋಡಿ ಸಣ್ಣವನು, "ನಮ್ಮೂರು ಜಂಕ್ಷನ್ ಆಯ್ತು" ಅಂದ. ರೈಲು ನೋಡಿ ಬೆಳೆದ ಹುಡುಗ, ಪಾಪ.

ಮೆಣಸಿನಕಾಯಿ ಕಥೆ ಹೇಳಲು ನಮ್ಮ ಊರಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಸುಲ್ತಾನನ ಮೇಲೆ ರಾಯಚೂರಿಗಾಗಿ ಯುದ್ಧ ಮಾಡಿದಾಗ ರಾಯನ ಕಡೆ ಕೋವಿ ಹಿಡಿದ ಪೋರ್ಚುಗೀಸರೂ ಇದ್ದರು. ಮೆಣಸಿನಕಾಯಿಯನ್ನು ಸಮುದ್ರ ದಾಟಿಸಿ ನಮ್ಮ ದೇಶಕ್ಕೆ ತಂದದ್ದೂ ಪೋರ್ಚುಗೀಸರೇ. ಅದಕ್ಕೂ ಮೊದಲು ಖಾರ ಅಂದರೆ ನಮಗೆ ಕರಿಮೆಣಸು. ಹೊಸ ಕಾಯಿಗೆ ಬೇರೆ ಹೆಸರು ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ, ಮೆಣಸಿನ ತರಹ ಖಾರ ಇರುವ ಕಾಯಿ, ಮೆಣಸಿನಕಾಯಿ, ಮುಗೀತು. ಇದನ್ನು ಕೋಟೆಯ ಹತ್ತಿರವೇ ನಿಂತು ಹೇಳಿ, ಬೆಳಿಗ್ಗೆ ಆರೂವರೆಗೆ, ಕಲ್ಲು ಕಾಯುವುದಕ್ಕೆ ಮುಂಚೆ. ಬರುವಾಗ ಮಂಡಕ್ಕಿ ವಗ್ಗರಣಿ, ಮಿರ್ಚಿ ತಿನ್ನಿಸಿ. ಪಾಠ ಅಲ್ಲೇ ಮುಗಿಯುತ್ತದೆ.

ಶುರು ಮಾಡುವ ಮೊದಲು ನಾಲ್ಕು ಮಾತು

ಪ್ರತಿ ವಾರ ಮಾಡಲು ಹೋಗಬೇಡಿ. ತಿಂಗಳಿಗೆ ಎರಡು ಭಾನುವಾರ ಸಾಕು, ಇಲ್ಲದಿದ್ದರೆ ಇದೂ ಒಂದು ಟ್ಯೂಷನ್ ಆಗುತ್ತದೆ. ಬೇಸಿಗೆಯಲ್ಲಿ ಒಲೆ ಕೆಲಸ ಬೆಳಿಗ್ಗೆ ಹತ್ತರೊಳಗೆ ಮುಗಿಯಬೇಕು, ಮಧ್ಯಾಹ್ನ ಕಾಗದ, ಬಣ್ಣ, ಕತೆ. ಹೊಸದಾಗಿ ತರುವ ಸಾಮಾನಿಗೆ ನಾನು 150 ರೂಪಾಯಿ ಮಿತಿ ಹಾಕಿಕೊಂಡಿದ್ದೇನೆ, ಮಿತಿ ಇದ್ದಾಗಲೇ ತಲೆ ಓಡುತ್ತದೆ.

ಕೆಲಸ ಹಂಚುವಾಗ ವಯಸ್ಸಿಗಿಂತ ಮಗುವಿನ ಸ್ವಭಾವ ನೋಡಿ. ನಮ್ಮ ಸಣ್ಣವನಿಗೆ ಏಳು ವರ್ಷ, ಕಲಸುವುದು, ಬಿಡಿಸುವುದು, ಒತ್ತುವುದು ಅವನದು. ಹನ್ನೆರಡರ ದೊಡ್ಡವಳು ಚಾಕು ಹಿಡಿಯುತ್ತಾಳೆ, ಹಂಚಿನ ಮುಂದೆ ನಿಲ್ಲುತ್ತಾಳೆ. ಕಾದ ಎಣ್ಣೆ ಮಾತ್ರ ಯಾವ ಮಗುವಿಗೂ ಇಲ್ಲ, ಅದರಲ್ಲಿ ಚೌಕಾಸಿ ಬೇಡ.

ಇನ್ನೊಂದು, ಇದು ನನ್ನ ಸ್ವಂತ ಅಭಿಪ್ರಾಯ. ವೇಷ ಹಾಕಿಸಬೇಡಿ. ಮುಖಕ್ಕೆ ಮಸಿ, ತಲೆಗೆ ಗರಿ, ಓರೆಗಣ್ಣು, ಇವೆಲ್ಲ ಶಾಲೆಯ ಗ್ಯಾದರಿಂಗ್‌ಗಳಲ್ಲಿ ನೋಡಿದ್ದೇವಲ್ಲ, ಅದರಿಂದ ಮಕ್ಕಳು ಕಲಿಯುವುದು ನಗುವುದನ್ನು ಅಷ್ಟೇ. ಹಾಗೆಯೇ "ಇವತ್ತು ಆಫ್ರಿಕಾ ಊಟ" ಅಂತ ಹೇಳಬೇಡಿ. ಅಲ್ಲಿ 54 ದೇಶಗಳಿವೆ. ನಮ್ಮ ಊಟವನ್ನು ಯಾರಾದರೂ "ಏಷ್ಯಾ ಊಟ" ಅಂದರೆ ನಮಗೆ ಹೇಗಾಗುತ್ತದೆ? ದೇಶದ ಹೆಸರು ಹೇಳಿ, ಸಾಧ್ಯವಾದರೆ ಊರಿನ ಹೆಸರೂ ಹೇಳಿ.

ಜೋಳದ ಇಂಜೆರಾ

ಇದನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದು ನಮ್ಮ ಕಡೆಯವರಿಗೇ ಹೇಳಿ ಮಾಡಿಸಿದ ಅಡುಗೆ.

ಇಂಜೆರಾ ಅಂದರೆ ಇಥಿಯೋಪಿಯಾದ ದೊಡ್ಡ ಹುಳಿ ದೋಸೆ. ಅಲ್ಲಿ ಅದನ್ನು ಹೆಚ್ಚಾಗಿ ಟೆಫ್ ಅನ್ನುವ ಗಸಗಸೆಯಷ್ಟು ಸಣ್ಣ ಧಾನ್ಯದಿಂದ ಮಾಡುತ್ತಾರೆ. ಜೋಳದ ಇಂಜೆರಾ ಕೂಡ ಅಲ್ಲಿ ಮಾಡುತ್ತಾರೆ, ಹಾಗಾಗಿ ನಾವು ಮಾಡುವುದು ನಕಲಿ ಅಲ್ಲ. ಟೆಫ್ ಹಿಟ್ಟು ಹುಡುಕಿಕೊಂಡು ಹೋಗಬೇಡಿ.

ಶನಿವಾರ ಬೆಳಿಗ್ಗೆ ಎರಡು ಲೋಟ ಜೋಳದ ಹಿಟ್ಟಿಗೆ ಒಂದು ಹಿಡಿ ಗೋಧಿ ಹಿಟ್ಟು ಸೇರಿಸಿ, ಮೂರು ಲೋಟ ನೀರು ಹಾಕಿ ಗಂಟಿಲ್ಲದೆ ಕಲಸಿ. ಜೋಳದಲ್ಲಿ ಜಿಗುಟಿಲ್ಲ, ಆ ಒಂದು ಹಿಡಿ ಗೋಧಿ ಹಾಕದಿದ್ದರೆ ದೋಸೆ ಮಡಚುವಾಗ ಸೀಳುತ್ತದೆ. ಕಲಸುವುದು ಮಗುವಿನ ಕೈಯಲ್ಲೇ ಆಗಲಿ. ಉಪ್ಪು ಈಗ ಬೇಡ. ಸ್ಟೀಲ್ ಪಾತ್ರೆಯಲ್ಲಿ ಹಾಕಿ, ಮೇಲೆ ತೆಳು ಬಟ್ಟೆ ಕಟ್ಟಿ ಒಂದು ಮೂಲೆಯಲ್ಲಿಡಿ. ರಾಯಚೂರಿನ ಏಪ್ರಿಲ್‌ನಲ್ಲಿ ಒಂದು ಹಗಲು ಒಂದು ರಾತ್ರಿ ಸಾಕು, ಡಿಸೆಂಬರ್‌ನಲ್ಲಿ ಎರಡು ದಿನ ಬೇಕು.

ಈ ಕಾಯುವ ಹೊತ್ತೇ ಅರ್ಧ ಮಜಾ. ಪ್ರತಿ ನಾಲ್ಕು ಗಂಟೆಗೊಮ್ಮೆ ಮಕ್ಕಳಿಗೆ ಮೂಸಿ ನೋಡಲು ಹೇಳಿ, ಒಂದು ಪುಸ್ತಕದಲ್ಲಿ ಬರೆಸಿ. ನಮ್ಮ ಪುಸ್ತಕದಲ್ಲಿ ಹೀಗಿದೆ: ಬೆಳಿಗ್ಗೆ "ಹಸಿ ಹಿಟ್ಟು", ಮಧ್ಯಾಹ್ನ "ಏನೂ ಇಲ್ಲ", ಸಂಜೆ "ಮಜ್ಜಿಗೆ", ರಾತ್ರಿ "ಅಜ್ಜಿಯ ಅಂಬಲಿ", ಮರುದಿನ "ಥೂ, ಆದರೆ ಚೆನ್ನಾಗಿದೆ". ಮೇಲೆ ತಿಳಿ ನೀರು ನಿಂತಿರುತ್ತದೆ, ಅದನ್ನು ಬಗ್ಗಿಸಿ ಚೆಲ್ಲಿ. ಯಾವುದೇ ಬಣ್ಣದ ಬೂಸ್ಟು ಕಂಡರೆ ಮಾತ್ರ ಯೋಚನೆ ಮಾಡದೆ ಎಲ್ಲವನ್ನೂ ಎಸೆಯಿರಿ.

ಈಗ ಒಂದು ಕೈಚಳಕ ಇದೆ, ಇದನ್ನು ಬಿಟ್ಟರೆ ಅದು ಬರೀ ಜೋಳದ ದೋಸೆ. ಹುಳಿ ಹಿಟ್ಟಿನಲ್ಲಿ ಅರ್ಧ ಲೋಟ ತೆಗೆದು, ಒಂದು ಲೋಟ ನೀರಿನ ಜೊತೆ ಒಲೆ ಮೇಲಿಟ್ಟು ಕೈ ಬಿಡದೆ ತಿರುವಿ ಗಂಜಿ ಮಾಡಿ. ಗಟ್ಟಿಯಾದ ಮೇಲೆ ಪೂರ್ತಿ ಆರಲು ಬಿಟ್ಟು ಮತ್ತೆ ಅದೇ ಹಿಟ್ಟಿಗೆ ಸೇರಿಸಿ, ಉಪ್ಪು ಹಾಕಿ. ಇಥಿಯೋಪಿಯಾದಲ್ಲಿ ಈ ಗಂಜಿಗೆ ಅಬ್ಸಿತ್ ಅಂತ ಹೆಸರು. ಒಂದೆರಡು ಗಂಟೆ ಬಿಟ್ಟರೆ ಹಿಟ್ಟು ಮೇಲೆದ್ದು ಗುಳ್ಳೆ ಬರುತ್ತದೆ. ನೀರು ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರಬೇಕು.

ದೋಸೆ ಹಂಚು ಕಾಯಿಸಿ, ಎಣ್ಣೆ ಬೇಡ. ಸೌಟಿನಿಂದ ಹೊರಗಿನ ಅಂಚಿನಿಂದ ಒಳಕ್ಕೆ ಸುತ್ತುತ್ತಾ ಹಿಟ್ಟು ಸುರಿಯಿರಿ. ನಮ್ಮ ಕೈ ತಾನಾಗೇ ನಡುವಿನಿಂದ ಶುರು ಮಾಡುತ್ತದೆ, ತಡೆಯಿರಿ. ಸೌಟಿನ ತಳದಿಂದ ಸವರಬೇಡಿ. ಅರ್ಧ ನಿಮಿಷದಲ್ಲಿ ಮೈ ತುಂಬಾ ಸಣ್ಣ ತೂತು ಬೀಳುತ್ತವೆ, ಅವಕ್ಕೆ ಅವರು ಕಣ್ಣು ಅನ್ನುತ್ತಾರೆ. ಕಣ್ಣು ಬಿಟ್ಟ ಕೂಡಲೇ ಮುಚ್ಚಳ ಮುಚ್ಚಿ, ಒಂದು ನಿಮಿಷ ಹಬೆಯಲ್ಲಿ ಬೇಯಲಿ. ತಿರುವಿ ಹಾಕುವ ಹಾಗಿಲ್ಲ. ತೆಗೆದು ಬಟ್ಟೆ ಮೇಲೆ ಹರವಿ, ಬಿಸಿ ಇರುವಾಗ ಒಂದರ ಮೇಲೊಂದು ಇಟ್ಟರೆ ಅಂಟಿಕೊಳ್ಳುತ್ತದೆ. ಮೊದಲನೆಯದು ಕೆಡುತ್ತದೆ. ನಮ್ಮದು ಮೊದಲ ಮೂರೂ ಕೆಟ್ಟವು, ಅವು ದನಕ್ಕೆ ಹೋದವು.

ಅತ್ತೆ ಒಂದು ಚೂರು ಬಾಯಿಗೆ ಹಾಕಿಕೊಂಡು, "ಇದು ಹುಳಿ ಬಂದ ಜೋಳದ ದೋಸಿ ಅದ. ಇದಕ್ಕ ಇಷ್ಟು ದೊಡ್ಡ ಹೆಸರ್ಯಾಕ?" ಅಂದರು. ಎರಡನೇ ಸಲ ಕೇಳಿ ಹಾಕಿಸಿಕೊಂಡರು ಅನ್ನುವುದು ಬೇರೆ ಮಾತು.

ಇದರ ಮೇಲೆ ಮಿಸಿರ್ ವಾಟ್, ಅಂದರೆ ಮಸೂರ್ ಬೇಳೆಯ ಗಟ್ಟಿ ಸಾರು. ಮೂರು ದೊಡ್ಡ ಉಳ್ಳಾಗಡ್ಡಿ ಸಣ್ಣಗೆ ಹೆಚ್ಚಿ, ಎಣ್ಣೆ ಇಲ್ಲದೆ ಬರೀ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕೆಂಪಗೆ ಬಾಡಿಸಿ, ತಳ ಹಿಡಿದರೆ ಒಂದು ಚಮಚ ನೀರು. ಆಮೇಲೆ ಎಣ್ಣೆ, ಬೆಳ್ಳುಳ್ಳಿ, ಶುಂಠಿ. ಅವರ ಮಸಾಲೆಗೆ ಬೆರ್ಬೆರೆ ಅಂತ ಹೆಸರು. ನಾನು ಎರಡು ಚಮಚ ಬ್ಯಾಡಗಿ ಖಾರದ ಪುಡಿಗೆ ಅರ್ಧ ಚಮಚ ಕೊತ್ತಂಬರಿ, ಚಿಟಿಕೆ ಮೆಂತ್ಯ, ಚಿಟಿಕೆ ಅಜವಾನ, ಎರಡು ಏಲಕ್ಕಿ ಹುರಿದು ಪುಡಿ ಮಾಡಿ ಸೇರಿಸುತ್ತೇನೆ. ಒಂದು ಲೋಟ ತೊಳೆದ ಮಸೂರ್ ಬೇಳೆ, ಮೂರು ಲೋಟ ನೀರು, ಉಪ್ಪು ಹಾಕಿ ಮೆತ್ತಗೆ ಬೇಯಿಸಿ. ಬ್ಯಾಡಗಿ ಬದಲು ಗುಂಟೂರು ಹಾಕಿದರೆ ಮಕ್ಕಳು ಅಳುತ್ತಾರೆ, ಹೇಳಿದ್ದೇನೆ.

ಊಟ ಮಾಡುವ ರೀತಿಯೇ ಇದರ ಜೀವ. ಒಂದೇ ದೊಡ್ಡ ಗಂಗಾಳದಲ್ಲಿ ಇಂಜೆರಾ ಹಾಸಿ, ಮೇಲೆ ಬೇಳೆ, ಪಲ್ಯ ಬಡಿಸಿ ಎಲ್ಲರೂ ಸುತ್ತ ಕೂರಬೇಕು. ಒಂದು ಚೂರು ಹರಿದು ಪಲ್ಯ ಸುತ್ತಿ ಪಕ್ಕದವರ ಬಾಯಿಗೆ ಇಡಬೇಕು, ಇದಕ್ಕೆ ಗುರ್ಶಾ ಅನ್ನುತ್ತಾರೆ. ತುತ್ತು ದೊಡ್ಡದಾದಷ್ಟೂ ಪ್ರೀತಿ ಜಾಸ್ತಿ. ಮದುವೆಯಲ್ಲಿ ಭೂಮದ ಊಟ ನೋಡಿದ ನಮ್ಮ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿ ಬರಲಿಲ್ಲ. ಜಗಳವಾಡಿ ಎರಡು ದಿನದಿಂದ ಮಾತು ಬಿಟ್ಟಿದ್ದ ಅಕ್ಕ ತಮ್ಮ, ಅವತ್ತು ಒಬ್ಬರ ಬಾಯಿಗೊಬ್ಬರು ತುರುಕಿದ ಗುರ್ಶಾದಲ್ಲಿ ಪ್ರೀತಿಗಿಂತ ಸೇಡೇ ಜಾಸ್ತಿ ಇತ್ತು.

ಊಟವಾದ ಮೇಲೆ ಮಧ್ಯಾಹ್ನದ ಕೆಲಸಕ್ಕೆ ಇಥಿಯೋಪಿಯಾ ಭರ್ತಿ ಸಾಮಾನು ಕೊಡುತ್ತದೆ. ಅಲ್ಲಿ ವರ್ಷಕ್ಕೆ 13 ತಿಂಗಳು, ಕೊನೆಯ ತಿಂಗಳಿಗೆ ಐದೋ ಆರೋ ದಿನ. ಹೊಸ ವರ್ಷ ಸಾಮಾನ್ಯವಾಗಿ ಸೆಪ್ಟೆಂಬರ್ 11ಕ್ಕೆ. ಅವರ ಲೆಕ್ಕದ ವರ್ಷ ನಮ್ಮ ಗೋಡೆ ಕ್ಯಾಲೆಂಡರಿಗಿಂತ ಏಳೆಂಟು ವರ್ಷ ಹಿಂದೆ. ಗಂಟೆಯನ್ನೂ ಹೊತ್ತು ಹುಟ್ಟಿದಾಗಿನಿಂದ ಎಣಿಸುತ್ತಾರೆ, ನಮ್ಮ ಬೆಳಿಗ್ಗೆ ಏಳು ಅವರಿಗೆ ಒಂದು ಗಂಟೆ. ರಟ್ಟಿನ ಮೇಲೆ ಒಂದು ಗಡಿಯಾರ ಮಾಡಿಸಿ, ಎರಡೂ ಲೆಕ್ಕ ಬರೆಸಿ. ದೊಡ್ಡವಳು 13 ತಿಂಗಳ ಕ್ಯಾಲೆಂಡರ್ ಬರೆದಳು, ಆ ಸಣ್ಣ ತಿಂಗಳಿಗೆ ಪೂರ್ತಿ ರಜೆ ಅಂತ ಅವಳೇ ಘೋಷಿಸಿಕೊಂಡಳು.

ಇಟಲಿಯ ಕಿವಿ, ನಮ್ಮ ಗವಲಿ

ಪಾಸ್ತಾ ಅಂದರೆ ಪ್ಯಾಕೆಟ್ ಒಡೆದು ಕುದಿಸುವುದು ಅಂತ ಮಕ್ಕಳು ಅಂದುಕೊಂಡಿರುತ್ತಾರೆ. ಇಟಲಿಯ ದಕ್ಷಿಣದಲ್ಲಿ ಬಾರಿ ಅಂತ ಒಂದು ಊರಿದೆ. ಅಲ್ಲಿನ ಹಳೇ ಓಣಿಯಲ್ಲಿ ಹೆಂಗಸರು ಮನೆ ಬಾಗಿಲ ಮುಂದೆ ಮೇಜು ಹಾಕಿಕೊಂಡು ಕೂತು, ಮಾತಾಡುತ್ತಾ, ಹಿಟ್ಟಿನ ಚೂರನ್ನು ಹೆಬ್ಬೆರಳಲ್ಲಿ ಒತ್ತಿ ಒತ್ತಿ ರಾಶಿ ಹಾಕುತ್ತಾರೆ. ಅದರ ಹೆಸರು ಒರೆಕಿಯೆತ್ತೆ, ಅಂದರೆ ಪುಟ್ಟ ಕಿವಿಗಳು. ಇದರ ವಿಡಿಯೋ ತೋರಿಸಿದಾಗ ಅತ್ತೆ ಕನ್ನಡಕ ಹಾಕಿಕೊಂಡು ಬಂದರು. "ಇವರೂ ಗವಲಿ ಮಾಡ್ತಾರೇನು!"

ಮದುವೆಗೆ ಮೊದಲು ಓಣಿಯ ಹೆಂಗಸರೆಲ್ಲ ಕಟ್ಟೆ ಮೇಲೆ ಕೂತು ಗವಲಿ, ಪರಡಿ, ಸವತಿಬೀಜ ಅಂತ ಕೈಯಲ್ಲೇ ಹೊಸೆದು ಒಣಗಿಸಿ ಡಬ್ಬಿ ತುಂಬುತ್ತಿದ್ದರಲ್ಲ, ಅದೇ ಕೆಲಸ, ಅದೇ ಹರಟೆ. ಹಿಟ್ಟೂ ಹತ್ತಿರದ್ದೇ. ಅವರು ಬಳಸುವ ಡ್ಯೂರಂ ಗೋಧಿಯ ರವೆಯೇ ನಮ್ಮ ಅಂಗಡಿಯ ಬನ್ಸಿ ರವೆ. ಅದು ದಪ್ಪ ಇದ್ದರೆ ಮಿಕ್ಸಿಯಲ್ಲಿ ಒಂದು ಸುತ್ತು ತಿರುವಿ ಜರಡಿ ಹಿಡಿಯಿರಿ, ಸಿಗದಿದ್ದರೆ ಚಿರೋಟಿ ರವೆ ಸಾಕು.

ಎರಡು ಲೋಟ ರವೆಗೆ ಮುಕ್ಕಾಲು ಲೋಟ ಉಗುರು ಬೆಚ್ಚಗಿನ ನೀರು, ಚಿಟಿಕೆ ಉಪ್ಪು. ಮೊದಲು ಮರಳು ಮರಳಾಗಿರುತ್ತದೆ, ಮಕ್ಕಳು "ಕೆಟ್ಟು ಹೋಯ್ತು" ಅನ್ನುತ್ತಾರೆ, ನೀರು ಸುರಿಯಲು ಹೋಗುತ್ತಾರೆ, ಬಿಡಬೇಡಿ. ಹತ್ತು ನಿಮಿಷ ಅಂಗೈ ಬುಡದಿಂದ ನಾದಿದರೆ ಕಿವಿಯ ಹಾಲೆಯಷ್ಟು ಮೆತ್ತಗೆ ಬರುತ್ತದೆ. ಹೌದು, ಕಿವಿ ಮುಟ್ಟಿ ನೋಡಿಯೇ ಹೋಲಿಸಲು ಹೇಳಿ, ಅದೇ ಅಳತೆ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಬಟ್ಟೆ ಒದ್ದೆ ಇರಲೇಬೇಕು, ನಮ್ಮ ಗಾಳಿಗೆ ಐದು ನಿಮಿಷದಲ್ಲಿ ಹಿಟ್ಟಿನ ಮೈ ಬಿರಿಯುತ್ತದೆ.

ಬೆರಳು ದಪ್ಪದ ಹುರಿ ಹೊಸೆದು, ಕಡಲೆಕಾಳು ಗಾತ್ರಕ್ಕಿಂತ ಸ್ವಲ್ಪ ದೊಡ್ಡ ಚೂರು ಕತ್ತರಿಸಿ. ಮರದ ಮಣೆ ಮೇಲೆ ಒಂದು ಚೂರು ಇಟ್ಟು, ಮೊಂಡ ಚಾಕುವಿನ ಅಂಚಿನಿಂದ ಒತ್ತಿ ನಿಮ್ಮ ಕಡೆಗೆ ಎಳೆಯಿರಿ. ಅದು ಸುರುಳಿ ಸುತ್ತಿಕೊಳ್ಳುತ್ತದೆ. ಆ ಸುರುಳಿಯನ್ನು ಹೆಬ್ಬೆರಳಿನ ತುದಿಗೆ ಟೋಪಿಯ ಹಾಗೆ ಮಗುಚಿ ಹಾಕಿ. ಹೊರಮೈ ಒರಟು, ಒಳಗೆ ಗುಳಿ, ಅದೇ ಕಿವಿ. ಸಣ್ಣ ಮಕ್ಕಳಿಗೆ ಚಾಕು ಬೇಡ, ಹೆಬ್ಬೆರಳಿಂದ ಒತ್ತಿ ಸ್ವಲ್ಪ ಮುಂದಕ್ಕೆ ತಳ್ಳಿದರೂ ಆಗುತ್ತದೆ. ಒಂದೊಂದು ಒಂದೊಂದು ಆಕಾರ ಬರುತ್ತದೆ, ಬರಲಿ. ದಪ್ಪ ಮಾತ್ರ ಸುಮಾರು ಒಂದೇ ಇರಲಿ, ಇಲ್ಲದಿದ್ದರೆ ಕೆಲವು ಬೆಂದು ಕರಗುತ್ತವೆ, ಕೆಲವು ಕಲ್ಲು.

ಒಂದು ಗಂಟೆ ಆರಲು ಬಿಟ್ಟು, ಉಪ್ಪು ಹಾಕಿದ ಕುದಿಯುವ ನೀರಿಗೆ ಹಾಕಿ. ಮೇಲೆ ತೇಲಿ ಬಂದ ಮೇಲೂ ಮೂರ್ನಾಲ್ಕು ನಿಮಿಷ ಬೇಯಿಸಿ, ಒಂದು ಕಚ್ಚಿ ನೋಡಿ ಇಳಿಸಿ. ಬಾರಿಯಲ್ಲಿ ಇದಕ್ಕೆ ಟರ್ನಿಪ್ ಜಾತಿಯ ಕಹಿ ಸೊಪ್ಪು ಹಾಕುತ್ತಾರೆ. ನಾನು ಅದೇ ಕುಟುಂಬದ ಮೂಲಂಗಿ ಸೊಪ್ಪು ಹಾಕುತ್ತೇನೆ. ಸೊಪ್ಪನ್ನು ಕಿವಿಗಳ ಜೊತೆಯೇ ಕೊನೆಯ ಎರಡು ನಿಮಿಷ ಬೇಯಿಸಿ, ಬಸಿದು, ಶೇಂಗಾ ಎಣ್ಣೆಯಲ್ಲಿ ಐದಾರು ಎಸಳು ಬೆಳ್ಳುಳ್ಳಿ, ಒಂದು ಒಣ ಮೆಣಸಿನಕಾಯಿ ಬಾಡಿಸಿ ಅದಕ್ಕೆ ಸುರಿಯಿರಿ. ಬಸಿದ ನೀರು ಅರ್ಧ ಲೋಟ ಉಳಿಸಿಕೊಂಡು ಅದನ್ನೂ ಹಾಕಿ. ಸಾಸಿವೆ ಸಿಡಿಸಲು ಕೈ ಹೋಗುತ್ತದೆ, ಒಂದು ಸಲ ತಡೆದುಕೊಳ್ಳಿ. ಚೀಸ್ ಮನೆಯಲ್ಲಿದ್ದರೆ ತುರಿದು ಹಾಕಿ, ಇಲ್ಲದಿದ್ದರೆ ಹುರಿದ ಬ್ರೆಡ್ ಪುಡಿ. ಇದು ಬಡವರ ಚೀಸ್ ಅಂತ ಆ ಕಡೆ ನಿಜವಾಗಿಯೂ ಬಳಸುವಂಥದ್ದೇ.

ಜಪಾನಿಗೆ ಎರಡು ದಾರಿ

ಒಂದು ಅಕ್ಕಿಯಿಂದ. ಗಂಗಾವತಿ, ಕಾರಟಗಿ, ಸಿಂಧನೂರಿನ ಸೋನಾ ಮಸೂರಿ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ. ಹೊಸ ಅಕ್ಕಿ ಮುದ್ದೆಯಾಗುತ್ತದೆ ಅಂತ ಬೈಯುತ್ತೇವಲ್ಲ, ಒನಿಗಿರಿಗೆ, ಅಂದರೆ ಜಪಾನಿನ ಅನ್ನದ ಉಂಡೆಗೆ, ಅದೇ ಬೇಕು. ಹೊಸ ಅಕ್ಕಿಯ ಅನ್ನವನ್ನು ಸ್ವಲ್ಪ ಮೆತ್ತಗೆ ಮಾಡಿ, ಕೈ ತಡೆಯುವಷ್ಟು ಆರಿದ ಮೇಲೆ ಅಂಗೈಗೆ ನೀರು, ಉಪ್ಪು ಸವರಿಕೊಂಡು ಒಂದು ಹಿಡಿ ಅನ್ನ ತೆಗೆದುಕೊಳ್ಳಿ. ನಡುವೆ ಗುಳಿ ಮಾಡಿ ಮಾವಿನ ಉಪ್ಪಿನಕಾಯಿಯ ಒಂದು ಹೋಳು ಇಡಿ, ಅವರು ಉಪ್ಪಿನಲ್ಲಿ ಹಾಕಿದ ಉಮೆ ಅನ್ನುವ ಹುಳಿ ಹಣ್ಣು ಇಡುತ್ತಾರೆ. ಒಂದು ಕೈಯನ್ನು ಗುಡ್ಡದ ಹಾಗೆ ಬಾಗಿಸಿ ಒತ್ತುತ್ತಾ ತಿರುಗಿಸಿದರೆ ಮೂರು ಮೂಲೆ ಬರುತ್ತದೆ. ಹೊರಗೆ ಗುರೆಳ್ಳು ಪುಡಿಯಲ್ಲಿ ಹೊರಳಿಸಿ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಕಟ್ಟುವ ಜನಕ್ಕೆ ಇದು ಅರ್ಥವಾಗುತ್ತದೆ, ಇದೂ ಬುತ್ತಿಯೇ. ಬೇಸಿಗೆಯಲ್ಲಿ ಶಾಲೆ ಡಬ್ಬಿಗೆ ಕಟ್ಟಬೇಡಿ, ಅನ್ನ ಕೆಡುತ್ತದೆ.

ಇನ್ನೊಂದು ದಾರಿ ಮಿರ್ಚಿಯಿಂದ. ರಾಯಚೂರಿನ ಯುದ್ಧದಲ್ಲಿ ನೋಡಿದೆವಲ್ಲ ಆ ಪೋರ್ಚುಗೀಸರನ್ನು, ಅವರ ದೇಶದವರು 1543ರಲ್ಲಿ ಜಪಾನ್ ಮುಟ್ಟಿದರು. ಹಿಟ್ಟಿನಲ್ಲಿ ಅದ್ದಿ ಕರಿಯುವುದನ್ನು ಜಪಾನಿನವರು ಅವರಿಂದ ಕಲಿತು ಟೆಂಪುರಾ ಮಾಡಿದರು. ಒಂದು ಬಟ್ಟಲಲ್ಲಿ ಕಡಲೆ ಹಿಟ್ಟಿನ ಬಜ್ಜಿ ಹಿಟ್ಟು, ಇನ್ನೊಂದರಲ್ಲಿ ಮೈದಾಕ್ಕೆ ಐಸ್ ನೀರು ಹಾಕಿ ಗಂಟು ಉಳಿಯುವ ಹಾಗೆ ನಾಲ್ಕೇ ಸಲ ತಿರುವಿದ ಹಿಟ್ಟು. ಬದನೆಕಾಯಿ ಹೋಳನ್ನು ಎರಡರಲ್ಲೂ ಅದ್ದಿ ನೀವೇ ಕರಿಯಿರಿ, ಮಕ್ಕಳ ಕಣ್ಣು ಕಟ್ಟಿ ತಿನ್ನಿಸಿ ಯಾವುದು ಯಾವ ದೇಶ ಅಂತ ಕೇಳಿ. ಬಜ್ಜಿಯೇ ಗೆಲ್ಲುತ್ತದೆ, ಅದು ಬೇರೆ ವಿಷಯ.

ಬಸ್ಸಿನಲ್ಲಿ ಹೋಗಬಹುದಾದ ದೂರ

ಬೇರೆ ಸಂಸ್ಕೃತಿ ಅಂದರೆ ವಿಮಾನದ ದೂರವೇ ಆಗಬೇಕೇನು? ಸಿಂಧನೂರಿನ ಹತ್ತಿರ ಬಂಗಾಲಿ ಕ್ಯಾಂಪುಗಳಿವೆ. ಅಂದಿನ ಪೂರ್ವ ಪಾಕಿಸ್ತಾನ, ಇಂದಿನ ಬಾಂಗ್ಲಾದೇಶದಿಂದ ಬಂದ ಕುಟುಂಬಗಳು ದಶಕಗಳಿಂದ ಅಲ್ಲಿವೆ. ಅಲ್ಲಿಂದ ಬರುವ ನನ್ನ ಸಹೋದ್ಯೋಗಿಯೊಬ್ಬರು ಭಾಪಾ ಪಿಠೆ ಕಲಿಸಿದರು. ಅಕ್ಕಿ ಹಿಟ್ಟಿಗೆ ನೀರು ಚಿಮುಕಿಸಿ ಉದುರುದುರಾಗಿ ಮಾಡಿ ಜರಡಿ ಹಿಡಿದು, ಸಣ್ಣ ಬಟ್ಟಲಲ್ಲಿ ಹಿಟ್ಟು, ನಡುವೆ ಬೆಲ್ಲ, ಕೊಬ್ಬರಿ, ಮೇಲೆ ಮತ್ತೆ ಹಿಟ್ಟು. ಒದ್ದೆ ಬಟ್ಟೆ ಸುತ್ತಿ ಹಬೆಯ ಮೇಲೆ ಮಗುಚಿ ಬಟ್ಟಲು ತೆಗೆದರೆ ಮೂರ್ನಾಲ್ಕು ನಿಮಿಷಕ್ಕೆ ರೆಡಿ. ಹಿಟ್ಟು ಒತ್ತಿ ತುಂಬಿದರೆ ಒಳಗೆ ಹಸಿ ಉಳಿಯುತ್ತದೆ. ಇಂಥವರು ನಿಮ್ಮ ಆಫೀಸಿನಲ್ಲಿ, ಓಣಿಯಲ್ಲಿ ಇದ್ದರೆ ವಿಡಿಯೋ ಮುಚ್ಚಿ ಅವರನ್ನೇ ಕೇಳಿ. ಮಕ್ಕಳನ್ನು ಕರೆದುಕೊಂಡು ಹೋಗಿ, ಬರಿಗೈಲಿ ಹೋಗಬೇಡಿ, ನಾಲ್ಕು ಕಡಕ್ ರೊಟ್ಟಿ ಕಟ್ಟಿಕೊಂಡು ಹೋಗಿ.

ಒಲೆ ಬೇಡದ ಮಧ್ಯಾಹ್ನಕ್ಕೆ

ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಗೊಂಬೆ ಮಾಡುವಾಗ ಹಗುರ ಮರದ ತುಂಡುಗಳನ್ನು ಜೋಡಿಸಲು ಹುಣಸೆ ಬೀಜದ ಅಂಟು ಬಳಸುತ್ತಾರೆ. ಈ ಅಂಟನ್ನು ಮನೆಯಲ್ಲೇ ಮಾಡಬಹುದು. ಹುಣಸೆ ಬೀಜ ಹುರಿದು, ಸಿಪ್ಪೆ ಬಿಡಿಸಿ, ರಾತ್ರಿ ನೆನೆಹಾಕಿ, ನುಣ್ಣಗೆ ರುಬ್ಬಿ, ನೀರು ಸೇರಿಸಿ ಕುದಿಸಿದರೆ ಗಟ್ಟಿ ಅಂಟು. ಹಳೇ ಪೇಪರ್ ಚೂರುಗಳನ್ನು ಇದರಲ್ಲಿ ಅದ್ದಿ, ಊದಿದ ಸಣ್ಣ ಬಲೂನಿನ ಮೇಲೆ ಐದಾರು ಪದರ ಹಚ್ಚಿ. ಒಂದೊಂದು ಪದರ ಒಣಗಿದ ಮೇಲೆ ಇನ್ನೊಂದು, ನಮ್ಮ ಬಿಸಿ ಗಾಳಿಗೆ ಒಂದೇ ದಿನದಲ್ಲಿ ಎಲ್ಲ ಮುಗಿಯುತ್ತದೆ. ಬಲೂನನ್ನು ಬಿಸಿಲಲ್ಲೇ ಬಿಟ್ಟರೆ ಢಬ್ ಅನ್ನುತ್ತದೆ, ನೆರಳಲ್ಲಿ ಒಣಗಿಸಿ. ತಳದಲ್ಲಿ ಒಂದು ಮುಷ್ಟಿ ಜೇಡಿಮಣ್ಣು ಅಂಟಿಸಿದರೆ ತಳ್ಳಿದರೂ ಎದ್ದು ಕೂರುತ್ತದೆ. ಕೆಂಪು ಬಣ್ಣ, ಬಿಳಿ ಮುಖ, ದಪ್ಪ ಹುಬ್ಬು, ಇದು ಜಪಾನಿನ ದರುಮಾ ಗೊಂಬೆ. ಕಣ್ಣು ಎರಡೂ ಖಾಲಿ ಬಿಡಬೇಕು. ಏನಾದರೂ ಅಂದುಕೊಂಡು ಒಂದು ಕಣ್ಣು ಬರೆಯುವುದು, ಅದು ಆದ ಮೇಲೆ ಇನ್ನೊಂದು.

ನಮ್ಮ ಸಣ್ಣವನ ದರುಮಾ ಎಂಟು ತಿಂಗಳಿಂದ ಒಂಟಿಗಣ್ಣಲ್ಲಿ ಟಿವಿ ಮೇಲೆ ಕೂತಿದೆ. ಏನು ಬೇಡಿಕೊಂಡಿದ್ದೀಯ ಅಂತ ಕೇಳಿದರೆ ಹೇಳುವುದಿಲ್ಲ, ಆದರೆ ವಾರಕ್ಕೊಮ್ಮೆ ಸೈಕಲ್ ಅಂಗಡಿ ಕಡೆಯಿಂದ ಹೋಗೋಣ ಅನ್ನುತ್ತಾನೆ.

ಕೊನೆಗೆ ಒಂದು ನೋಟ್‌ಬುಕ್ ಇಡಿ, ಅದೇ ಪಾಸ್‌ಪೋರ್ಟ್. ದೇಶಕ್ಕೊಂದು ಪುಟ, ಆಲೂಗಡ್ಡೆ ಕೆತ್ತಿ ಮಾಡಿದ ಮುದ್ರೆ, ಒಂದು ನಮಸ್ಕಾರದ ಮಾತು, ಹತ್ತಕ್ಕೆ ಎಷ್ಟು ಅಂಕ. ಅಂಕ ಹಾಕುವಾಗ ಮಧ್ಯೆ ಬಾಯಿ ಹಾಕಬೇಡಿ. ದೊಡ್ಡವಳು ಇಥಿಯೋಪಿಯಾಕ್ಕೆ ಆರೇ ಕೊಟ್ಟಳು. ಯಾಕೆ ಅಂದರೆ, "ಹುಳಿ ಜಾಸ್ತಿ, ಆದ್ರೆ ದೇಶ ಚೆನ್ನಾಗಿದೆ" ಅಂದಳು.

ಮಾಡಿ ಉಳಿದ ಕಿವಿ ಪಾಸ್ತಾವನ್ನು ಬಟ್ಟೆ ಮೇಲೆ ಹರವಿ ಮಾಳಿಗೆಯಲ್ಲಿ ಒಣಗಿಸಿ, ಮೇಲೆ ಸೊಳ್ಳೆ ಪರದೆ ಮುಚ್ಚಿ, ಕಾಗೆ ಬಿಡುವುದಿಲ್ಲ. ಒಡೆದರೆ ಟಕ್ ಅನ್ನುವಷ್ಟು ಒಣಗಿದ ಮೇಲೆ ಡಬ್ಬಿಗೆ ತುಂಬಿ. ನಮ್ಮ ಡಬ್ಬಿ ಮೇಲೆ ಸಣ್ಣವನು ಚೀಟಿ ಅಂಟಿಸಿ "ಇಟಲಿ" ಅಂತ ಬರೆದಿದ್ದ. ಮೊನ್ನೆ ನೋಡಿದರೆ ಅತ್ತೆ ಅದನ್ನು ಹೊಡೆದು ಹಾಕಿ, ಕೆಳಗೆ ಪೆನ್ಸಿಲ್‌ನಲ್ಲಿ "ಗವಲಿ, ಸ್ವಲ್ಪ ದಪ್ಪ" ಅಂತ ಬರೆದಿದ್ದಾರೆ. ಸೋಮವಾರ ಅದರಲ್ಲೇ ಪಾಯಸ ಆಯಿತು.